‘ಕ್ಯಾಲಿಬ್ರೇಷನ್ ಫೇಲ್’ ಎಂದು ಸ್ಕ್ಯಾನರ್ ಹೇಳಿದಾಗ ಮೊದಲು ಎಲ್ಲಿ ನೋಡಬೇಕು

ಹಿಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿ ಆಗಿತ್ತು. ಕಾರಿನೊಳಗಿನ ಕಂಪ್ಯೂಟರುಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿ, ಮೋಟಾರಿನಿಂದ ಬಿಗಿಯಾಗುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕಿನ ಕ್ಯಾಲಿಬ್ರೇಷನ್ ಶುರು ಮಾಡಿದೆ. ಬಲಗಡೆಯ ಮೋಟಾರು ಜುಂಯ್ ಎಂದು ಓಡಿತು. ಕೊನೆಯಲ್ಲಿ ಸದ್ದು ಭಾರವಾಗಿ, ಟಕ್ ಎಂದು ನಿಂತಿತು. ಎಡಗಡೆಯದು ಓಡುತ್ತಾ ಓಡುತ್ತಾ ಸೊರಗಿತು. ಆ ಟಕ್ ಸದ್ದು ಬರಲೇ ಇಲ್ಲ. ಪರದೆಯ ಮೇಲೆ ‘ಕ್ಯಾಲಿಬ್ರೇಷನ್ ಫೇಲ್’ ಎಂದು ಬಂತು. ಡ್ಯಾಶ್‌ಬೋರ್ಡಿನಲ್ಲಿ ಹ್ಯಾಂಡ್ ಬ್ರೇಕ್ ಲೈಟು ಮಿಣುಕತೊಡಗಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ.

ಇಂಥ ಹೊತ್ತಿನಲ್ಲಿ ಬಹಳ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಗುಂಡಿ ಒತ್ತುತ್ತಲೇ ಇರುತ್ತಾರೆ, ಇಲ್ಲವೇ ಹೊಸ ಮೋಟಾರು ತರಿಸುತ್ತಾರೆ. ಎರಡೂ ಬೇಡ. ಕ್ಯಾಲಿಬ್ರೇಷನ್ ಅಂದರೆ ಏನು ಎಂದು ಒಮ್ಮೆ ಮನಸ್ಸಿಗೆ ಹೋದರೆ, ಅದು ಫೇಲ್ ಆದಾಗ ಎಲ್ಲಿ ಕೈ ಹಾಕಬೇಕು ಎಂಬುದೂ ಹೊಳೆಯುತ್ತದೆ.

ಕ್ಯಾಲಿಬ್ರೇಷನ್ ಯಾವುದನ್ನೂ ರಿಪೇರಿ ಮಾಡುವುದಿಲ್ಲ. ಬ್ರೇಕ್ ಮಾಡ್ಯೂಲಿಗೆ, ಅಂದರೆ ಬ್ರೇಕ್ ನೋಡಿಕೊಳ್ಳುವ ಕಂಪ್ಯೂಟರಿಗೆ, ‘ಈಗ ಇರುವುದೇ ಸೊನ್ನೆ, ಇಲ್ಲಿಂದ ಅಳತೆ ಶುರು ಮಾಡು’ ಎಂದು ಹೇಳಿಕೊಡುತ್ತದೆ, ಅಷ್ಟೇ. ತಕ್ಕಡಿಯಲ್ಲಿ ಏನೂ ಇಡದೆ ಮುಳ್ಳನ್ನು ಮಧ್ಯಕ್ಕೆ ತರುತ್ತೇವಲ್ಲ, ಹಾಗೆ. ತಟ್ಟೆಯಲ್ಲಿ ಕಲ್ಲು ಬಿದ್ದಿರುವಾಗಲೇ ಮುಳ್ಳನ್ನು ಮಧ್ಯಕ್ಕೆ ತಂದರೆ ಆಮೇಲೆ ತೂಗಿದ್ದೆಲ್ಲ ತಪ್ಪೇ. ಹಾಗಾಗಿ ಕ್ಯಾಲಿಬ್ರೇಷನ್ ಫೇಲ್ ಆಯಿತೆಂದರೆ ನನಗೆ ಒಂದು ರೀತಿ ಸಮಾಧಾನ. ಮಾಡ್ಯೂಲು ತಟ್ಟೆಯಲ್ಲಿ ಕಲ್ಲು ಇದೆ ಎಂದು ಕಂಡುಹಿಡಿದಿದೆ. ನನಗೆ ಜಾಸ್ತಿ ಭಯ ಇರುವುದು, ಕಲ್ಲು ಇದ್ದರೂ ‘ಓಕೆ’ ಎಂದು ಬಂದುಬಿಡುವ ಕ್ಯಾಲಿಬ್ರೇಷನ್ ಬಗ್ಗೆ. ಅದರ ಮಾತು ಮುಂದೆ ಬರುತ್ತದೆ.

1978ರಲ್ಲಿ ಬಾಷ್ ಕಂಪನಿಯ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡು) ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಬಂದಾಗ ಈ ತೊಂದರೆಯೇ ಇರಲಿಲ್ಲ. ಅದಕ್ಕೆ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಗೊತ್ತಾದರೆ ಸಾಕಿತ್ತು. ಅದಕ್ಕೆ ಸೊನ್ನೆ ಕಲಿಸಬೇಕಿಲ್ಲ, ಚಕ್ರದ ಜೊತೆ ತಿರುಗುವ ರಿಂಗಿನ ಹಲ್ಲು ಎಣಿಸಿದರಾಯಿತು. 1995ರಲ್ಲಿ, ಕಾರು ಜಾರುವಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಕಾಪಾಡುವ ಇಎಸ್‌ಪಿ ಬಂತು. ಆಗ ಸ್ಟೇರಿಂಗ್ ಎಷ್ಟು ಡಿಗ್ರಿ ತಿರುಗಿದೆ, ಕಾರು ಎಷ್ಟು ಬೇಗ ಪಕ್ಕಕ್ಕೆ ತಿರುಗುತ್ತಿದೆ, ಯಾವ ಕಡೆ ತಳ್ಳಿದಂತಾಗುತ್ತಿದೆ ಎಂಬುದೆಲ್ಲ ಮಾಡ್ಯೂಲಿಗೆ ಬೇಕಾಯಿತು. 2001ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕಾರಿಗೆ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕೂ ಬಂತು. ಇವುಗಳಿಗೆಲ್ಲ ಸೊನ್ನೆ ಯಾವುದು ಎಂದು ಯಾರಾದರೂ ಹೇಳಿಕೊಡಲೇಬೇಕು.

ಸ್ಕ್ಯಾನರ್ ಸಿಕ್ಕಿಸುವ ಮೊದಲು

ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಇಂಜಿನ್ ಆಫ್ ಇರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು 12ಕ್ಕೆ ಇಳಿದಿದ್ದರೆ ಮುಂದೆ ಹೋಗಬೇಡಿ. ಇಗ್ನಿಷನ್ ಆನ್ ಇಟ್ಟುಕೊಂಡು ಅರ್ಧ ಗಂಟೆ ಕೆಲಸ ಮಾಡಿದರೆ ಒಳ್ಳೆ ಬ್ಯಾಟರಿಯೂ ಇಳಿಯುತ್ತದೆ. ಕ್ಯಾಲಿಬ್ರೇಷನ್ ನಡುವೆ ವೋಲ್ಟೇಜ್ ಬಿದ್ದರೆ ಮಾಡ್ಯೂಲು ಅರ್ಧ ಕಲಿತು ನಿಲ್ಲುತ್ತದೆ, ಆಗ ಮೊದಲಿಗಿಂತ ಜಾಸ್ತಿ ಗೊಂದಲ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಿ.

ಎರಡನೆಯದು, ನಿಮ್ಮ ಸ್ಕ್ಯಾನರಿಗೆ ಈ ಕೆಲಸ ಬರುತ್ತದೆಯೇ ಎಂದು ನೋಡಿ. ಫೋನಿಗೆ ಸೇರಿಸುವ ಚಿಕ್ಕ ಬ್ಲೂಟೂತ್ ರೀಡರುಗಳು ಸಾಮಾನ್ಯವಾಗಿ ಇಂಜಿನ್ ಕೋಡ್ (ದೋಷದ ಸಂಕೇತ) ಮಾತ್ರ ಓದುತ್ತವೆ. ಕಾರಣ ಇದೆ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ನಿಯಮ (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಹೇಳಬೇಕು ಎಂಬುದು) ಹುಟ್ಟಿದ್ದು ಹೊಗೆಯ ತಪಾಸಣೆಗೆ. ಬ್ರೇಕ್ ಅದರ ವ್ಯಾಪ್ತಿಯಲ್ಲಿಲ್ಲ. ಬ್ರೇಕಿನ ಕೋಡುಗಳು ‘ಸಿ’ ಅಕ್ಷರದಿಂದ ಶುರುವಾಗುತ್ತವೆ, ಮಾಡ್ಯೂಲುಗಳ ನಡುವಿನ ಮಾತುಕತೆಯ ದೋಷ ‘ಯು’ ಅಕ್ಷರದಿಂದ. ಇವನ್ನು ಓದುವುದಷ್ಟೇ ಅಲ್ಲ, ಮೋಟಾರು ಓಡಿಸು, ವಾಲ್ವು ತೆರೆ ಎಂದು ಆಜ್ಞೆ ಕೊಡಬಲ್ಲ ಸ್ಕ್ಯಾನರೇ ಬೇಕು.

ಆಮೇಲೆ ಎಲ್ಲ ಮಾಡ್ಯೂಲುಗಳ ಕೋಡನ್ನೂ ಓದಿ, ಕಾಗದದಲ್ಲಿ ಬರೆದುಕೊಳ್ಳಿ. ಈಗ ಇರುವ ಕೋಡ್ ಯಾವುದು, ಹಿಂದೆ ಯಾವಾಗಲೋ ಬಂದು ಹೋದದ್ದು ಯಾವುದು ಎಂದು ಬೇರೆ ಬೇರೆ ಬರೆಯಿರಿ. ಸುಮ್ನೆ ಎಲ್ಲವನ್ನೂ ಅಳಿಸಿ ಶುರು ಮಾಡಬೇಡಿ. ಅಳಿಸಿದ ಮೇಲೆ ಕಾರು ಏನು ಹೇಳಲು ಬಂದಿತ್ತು ಎಂಬುದು ನಿಮಗೆ ಎಂದೂ ತಿಳಿಯುವುದಿಲ್ಲ.

ಯು0121 ಬಂದಿದ್ದರೆ ಎಬಿಎಸ್ ಮಾಡ್ಯೂಲು ಉಳಿದವರ ಜೊತೆ ಮಾತು ನಿಲ್ಲಿಸಿದೆ ಎಂದರ್ಥ. ಆಗ ಕ್ಯಾಲಿಬ್ರೇಷನ್ ಮಾತೇ ಇಲ್ಲ. ಮಾಡ್ಯೂಲಿನ ಫ್ಯೂಸು ಮತ್ತು ಅರ್ಥ್ ಮೊದಲು ನೋಡಿ. ಬಳಿಕ ಬ್ಯಾಟರಿ ಕಳಚಿ, ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಮಾಡ್ಯೂಲುಗಳು ಮಾತಾಡಿಕೊಳ್ಳುವ ತಂತಿ ಜೋಡಿಯಾದ ಕ್ಯಾನ್ ಬಸ್ಸಿನ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಮೀಟರು 60ರ ಆಸುಪಾಸು ತೋರಿಸಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ಒಂದು ತುದಿ ಬಿಟ್ಟುಹೋಗಿದೆ. ಕೆಲವು ಕಾರುಗಳಲ್ಲಿ ಈ ಸಾಕೆಟ್ಟಿಗೂ ಬಸ್ಸಿಗೂ ನಡುವೆ ಮಾತು ದಾಟಿಸುವ ಇನ್ನೊಂದು ಮಾಡ್ಯೂಲು, ಗೇಟ್‌ವೇ, ಇರುತ್ತದೆ. ಅಲ್ಲಿ ಈ ಅಳತೆ ಮಾಡ್ಯೂಲಿನ ಹತ್ತಿರವೇ ತೆಗೆಯಬೇಕು.

ಹ್ಯಾಂಡ್ ಬ್ರೇಕ್

ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕಿನಲ್ಲಿ ಎರಡು ಬಗೆ. ಒಂದರಲ್ಲಿ ಕಾರಿನ ಕೆಳಗೆ ಒಂದೇ ಮೋಟಾರು ಇದ್ದು ಕೇಬಲ್ ಎಳೆಯುತ್ತದೆ. ಇನ್ನೊಂದರಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಂದಿನ ಎರಡೂ ಕ್ಯಾಲಿಪರ್ ಬೆನ್ನಿಗೆ ಒಂದೊಂದು ಪುಟ್ಟ ಮೋಟಾರು. ಈಗ ಜಾಸ್ತಿ ಕಾಣುವುದು ಎರಡನೆಯದು. ಮೋಟಾರು ತಿರುಗಿದಂತೆ ಒಳಗಿನ ತಿರುಪು ಒಂದು ನಟ್ಟನ್ನು ಮುಂದೆ ತಳ್ಳುತ್ತದೆ, ನಟ್ಟು ಪಿಸ್ಟನ್ನನ್ನು, ಪಿಸ್ಟನ್ನು ಪ್ಯಾಡನ್ನು.

ಈ ನಟ್ಟು ಎಲ್ಲಿದೆ ಎಂದು ತಿಳಿಯಲು ಅಲ್ಲಿ ಸಾಮಾನ್ಯವಾಗಿ ಬೇರೆ ಸೆನ್ಸರ್ ಇರುವುದಿಲ್ಲ. ಮಾಡ್ಯೂಲು ಕರೆಂಟನ್ನು ನೋಡಿಕೊಂಡು ಊಹಿಸುತ್ತದೆ. ನಟ್ಟು ಖಾಲಿ ಜಾಗದಲ್ಲಿ ಚಲಿಸುವಾಗ ಮೋಟಾರಿಗೆ ಕೆಲವೇ ಆಂಪಿಯರ್ ಸಾಕು. ಪ್ಯಾಡು ಡಿಸ್ಕಿಗೆ ತಾಗಿ ಬಿಗಿಯಾಗುತ್ತಿದ್ದಂತೆ ಕರೆಂಟು ಕಡಿದಾಗಿ ಏರುತ್ತದೆ. ಗೊತ್ತಾದ ಮಟ್ಟ ಮುಟ್ಟಿದ ಕೂಡಲೇ ‘ಹಿಡಿತ ಸಿಕ್ಕಿತು’ ಎಂದು ಮಾಡ್ಯೂಲು ಮೋಟಾರು ನಿಲ್ಲಿಸುತ್ತದೆ. ನಾನು ಬಲಗಡೆ ಕೇಳಿದ ಟಕ್ ಸದ್ದು ಅದೇ. ಕ್ಯಾಲಿಬ್ರೇಷನ್ ಹೊತ್ತಿನಲ್ಲಿ ಹೀಗೆ ಹಿಂದೆ ಮುಂದೆ ಓಡಿಸಿ ಹೊಸ ಪ್ಯಾಡಿನ ದಪ್ಪಕ್ಕೆ ತಕ್ಕ ಜಾಗವನ್ನು ಕಲಿಯುತ್ತದೆ.

ಹಾಗಾದರೆ ಫೇಲ್ ಆಗುವುದು ಯಾವಾಗ? ಕರೆಂಟು ಬೇಗ ಏರಿದರೆ, ತಡವಾಗಿ ಏರಿದರೆ, ಇಲ್ಲವೇ ಏರದೇ ಇದ್ದರೆ.

ಬೇಗ ಏರಿದರೆ ಏನೋ ಸಿಕ್ಕಿಕೊಂಡಿದೆ. ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದಿರಬಹುದು, ಪ್ಯಾಡ್ ತನ್ನ ಜಾಗದಲ್ಲಿ ಓರೆ ಕೂತಿರಬಹುದು. ಸರ್ವಿಸ್ ಮೋಡ್ ಹಾಕದೆ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ಒತ್ತಿದ್ದರೂ ಹೀಗೇ ಆಗುತ್ತದೆ. ಇದೊಂದನ್ನು ನೆನಪಿಡಿ. ಸ್ಕ್ಯಾನರಿನಲ್ಲಿ ಸರ್ವಿಸ್ ಮೋಡ್ ಕೊಟ್ಟಾಗ ನಟ್ಟು ಪೂರ್ತಿ ಹಿಂದಕ್ಕೆ ಹೋಗುತ್ತದೆ. ಆಮೇಲೆ ಪಿಸ್ಟನ್ನನ್ನು ನೇರವಾಗಿ ಒತ್ತಬೇಕು. ಕೇಬಲ್ ಲಿವರ್ ಇರುವ ಹಳೆಯ ಹಿಂದಿನ ಕ್ಯಾಲಿಪರಿನಂತೆ ತಿರುಗಿಸಬಾರದು. ನಟ್ಟು ಮುಂದಿರುವಾಗಲೇ ಬಲವಾಗಿ ಒತ್ತಿದರೆ ತಿರುಪಿನ ಎಳೆಗಳೇ ಕೆಡುತ್ತವೆ. ಆ ಕ್ಯಾಲಿಪರ್ ಯಾವ ಸ್ಕ್ಯಾನರಿಗೂ ಬಗ್ಗುವುದಿಲ್ಲ.

ತಡವಾಗಿ ಏರಿದರೆ ನಡುವೆ ಖಾಲಿ ಜಾಗ ಜಾಸ್ತಿ ಇದೆ. ಡಿಸ್ಕ್ ಮಿತಿ ಮೀರಿ ಸವೆದಿರಬಹುದು, ಪ್ಯಾಡ್ ಬೇರೆ ಮಾಡೆಲ್ಲಿನದಾಗಿರಬಹುದು. ಪಿಸ್ಟನ್ ಒತ್ತಿದ ಮೇಲೆ ಬ್ರೇಕ್ ಪೆಡಲ್ ತುಳಿದು ಪ್ಯಾಡನ್ನು ಡಿಸ್ಕಿನ ಹತ್ತಿರ ತರದೇ ಇದ್ದರೂ ಇದೇ ಫಲ. ಪೆಡಲ್ ಗಟ್ಟಿಯಾಗುವವರೆಗೆ ನಿಧಾನವಾಗಿ ತುಳಿದು, ಆಮೇಲೆ ಕ್ಯಾಲಿಬ್ರೇಷನ್ ಕೊಡಿ. ಎಷ್ಟೋ ಸಲ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ.

ನನ್ನ ಮುಂದಿದ್ದದ್ದು ಮೂರನೆಯದು. ಕರೆಂಟು ಏರಲೇ ಇಲ್ಲ. ಸ್ಕ್ಯಾನರ್ ಆಗಿಂದಾಗಲೇ ತೋರಿಸುವ ಲೈವ್ ಡೇಟಾದಲ್ಲಿ ಬಲಗಡೆಯ ಕರೆಂಟು ಕೊನೆಯಲ್ಲಿ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಎಡಗಡೆಯದು ಸ್ವಲ್ಪ ಏರಿ ಅಲ್ಲೇ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಮೋಟಾರು ಸತ್ತಿದೆ ಎಂದು ಇಲ್ಲೇ ತೀರ್ಮಾನಿಸುವುದು ಸುಲಭ. ಆದರೆ ಸವೆದ ಮೋಟಾರು ಮತ್ತು ಹಸಿದ ಮೋಟಾರು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹೊಟ್ಟೆಗೆ ಬೀಳುತ್ತಿದೆಯೇ ಎಂದು ಮೊದಲು ನೋಡಬೇಕು, ಅಲ್ವಾ?

ಎಡ ಮೋಟಾರಿನ ಎರಡು ತಂತಿಗಳ ಓಮ್ ಅಳೆದೆ. ಒಂದು ಸರಿಯಿತ್ತು, ಇನ್ನೊಂದು ಸುಮಾರು 0.5 ಓಮ್ ತೋರಿಸಿತು. ಅರ್ಧ ಓಮ್ ತಾನೇ, ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 5 ಆಂಪಿಯರ್ ಹರಿದರೆ ಆ ತಂತಿಯಲ್ಲೇ 2.5 ವೋಲ್ಟ್ ಹೋಯಿತು. ಬಿಗಿ ಹಿಡಿಯಲು 15 ಆಂಪಿಯರ್ ಬೇಕೆಂದರೆ 7.5 ವೋಲ್ಟ್ ಹೋಗಬೇಕು. 12 ವೋಲ್ಟಿನಲ್ಲಿ ಅಷ್ಟು ಹೋದ ಮೇಲೆ ಮೋಟಾರಿಗೆ ಉಳಿಯುವುದೆಷ್ಟು? ಜಾಸ್ತಿ ಶಕ್ತಿ ಬೇಕಾದ ಗಳಿಗೆಯಲ್ಲೇ ಮೋಟಾರು ಸೊರಗುತ್ತದೆ. ಕರೆಂಟು ಗೊತ್ತಾದ ಮಟ್ಟ ಮುಟ್ಟುವುದೇ ಇಲ್ಲ.

ಮೀಟರಿನ ತಂತಿಯ ಓಮ್ ಕೂಡ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ಇಷ್ಟು ಚಿಕ್ಕ ಓಮನ್ನು ನಂಬಿ ಕೂರಬಾರದು. ನಂಬಬೇಕಾದ್ದು ಮೋಟಾರು ಓಡುತ್ತಿರುವಾಗ ತೆಗೆದ ವೋಲ್ಟೇಜ್ ಡ್ರಾಪ್ ಅಳತೆ. ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ತಂತಿಯ ಮಾಡ್ಯೂಲ್ ಕಡೆಯ ತುದಿಗೆ, ಇನ್ನೊಂದನ್ನು ಅದೇ ತಂತಿಯ ಮೋಟಾರ್ ಕಡೆಯ ತುದಿಗೆ ಹಿಡಿಯಿರಿ. ಸ್ಕ್ಯಾನರಿನಿಂದ ಮೋಟಾರು ಓಡಿಸಿ. ಒಳ್ಳೆ ತಂತಿಯಾದರೆ ವೋಲ್ಟಿನ ಒಂದೆರಡು ಹತ್ತನೇ ಪಾಲು ಕಂಡೀತು. ನನಗೆ ಕಂಡದ್ದು 2 ವೋಲ್ಟಿಗೂ ಮೇಲೆ.

ತಂತಿ ಹಿಡಿದುಕೊಂಡು ಹೋದೆ. ಎಡ ಹಿಂಚಕ್ರದ ಮೇಲುಗಡೆ, ಮಡ್‌ಗಾರ್ಡ್ ಒಳಗೆ ಒಂದು ಕನೆಕ್ಟರ್. ಅದರ ರಬ್ಬರ್ ಸೀಲು ಹಿಂದಕ್ಕೆ ಜಾರಿತ್ತು. ಬಿಡಿಸಿದಾಗ ಒಂದು ಪಿನ್ನಿನ ಸುತ್ತ ಹಸಿರು ಕಿಲುಬು ಹಿಟ್ಟು ಉದುರಿದ ಹಾಗೆ ಕೂತಿತ್ತು. ಉಗುರಿನಿಂದ ಕೆರೆದರೆ ಕೆಳಗೆ ತಾಮ್ರ ಗುಳಿ ಬಿದ್ದಿತ್ತು. ಇದನ್ನು ಸುಮ್ನೆ ಸ್ಪ್ರೇ ಹೊಡೆದು ಮತ್ತೆ ಸಿಕ್ಕಿಸಿದರೆ ಕ್ಯಾಲಿಬ್ರೇಷನ್ ಅಂದು ಪಾಸ್ ಆಗಿಬಿಡುತ್ತದೆ. ಮುಂದೊಂದು ದಿನ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಒಂದು ಚಕ್ರ ಬಿಗಿಯಾಗದೇ ಉಳಿಯುತ್ತದೆ. ಗುಳಿ ಬಿದ್ದ ಪಿನ್ನು ಕತ್ತರಿಸಿ ಹೊಸ ಪಿನ್ನು, ಹೊಸ ಸೀಲು ಹಾಕಿದೆ.

ಸ್ಟೇರಿಂಗ್ ಸೊನ್ನೆ, ನೆಲದ ಸೊನ್ನೆ

ಹ್ಯಾಂಡ್ ಬ್ರೇಕಿನಲ್ಲಿ ತಪ್ಪಿದ್ದರೆ ಫೇಲ್ ಎಂದಾದರೂ ಬರುತ್ತದೆ. ಸ್ಟೇರಿಂಗ್ ಆಂಗಲ್ ಸೆನ್ಸರಿನಲ್ಲಿ ತಪ್ಪಿದ್ದರೂ ‘ಓಕೆ’ ಎಂದೇ ಬರಬಹುದು. ಆರಂಭದಲ್ಲಿ ಭಯ ಎಂದೆನಲ್ಲ, ಅದು ಇಲ್ಲಿ.

ಸಾಮಾನ್ಯವಾಗಿ ಬರುವ ದೂರು ಹೀಗಿರುತ್ತದೆ: ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಇಎಸ್‌ಪಿ ಲೈಟು ಉರಿಯುತ್ತದೆ. ಅಥವಾ ಲೈಟು ಉರಿಯುವುದಿಲ್ಲ, ಆದರೆ ಸಾಧಾರಣ ತಿರುವಿನಲ್ಲೂ ಯಾವುದೋ ಒಂದು ಚಕ್ರಕ್ಕೆ ತಾನಾಗಿ ಬ್ರೇಕ್ ಬಿದ್ದಂತೆ ಕಾರು ಎಳೆಯುತ್ತದೆ. ಸ್ಟೇರಿಂಗ್ ಇಷ್ಟು ತಿರುಗಿದೆ, ಆದರೆ ಕಾರು ಅಷ್ಟು ತಿರುಗುತ್ತಿಲ್ಲ ಎಂದು ಮಾಡ್ಯೂಲಿಗೆ ಕಾಣುತ್ತದೆ. ಕಾರು ಜಾರುತ್ತಿದೆ ಎಂದುಕೊಂಡು ಅದು ಕಾಪಾಡಲು ಬರುತ್ತದೆ.

ನೋಡುವ ಕ್ರಮ ಸರಳ. ನೇರ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತವರು ಲೈವ್ ಡೇಟಾ ನೋಡಲಿ. ಸ್ಟೇರಿಂಗ್ ಕೋನ ಸೊನ್ನೆಯಿಂದ ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ. 8, 10 ಡಿಗ್ರಿ ಇದ್ದರೆ ಸೊನ್ನೆ ತಪ್ಪಿದೆ. ಈಗ ಡ್ರೈವರನ್ನು ಒಂದು ಮಾತು ಕೇಳಿ: ಕಾರು ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಕಣ್ಣಿಗೂ ಓರೆ ಕಾಣುತ್ತದೆಯೇ? ಓರೆ ಇದ್ದರೆ ತಪ್ಪು ಅಲೈನ್‌ಮೆಂಟಿನಲ್ಲಿ. ಮೊದಲು ಅದನ್ನು ಸರಿ ಮಾಡಿಸಿ. ನೇರ ಇದ್ದೂ ಅಂಕಿ ಓರೆ ಇದ್ದರೆ ಮಾತ್ರ ಕ್ಯಾಲಿಬ್ರೇಷನ್ ಸಾಕು. ಸ್ಟೇರಿಂಗ್ ಓರೆ ಇರುವಾಗ ಕಣ್ಣಿಗೆ ನೇರ ಮಾಡಿ ಸೊನ್ನೆ ಕೊಟ್ಟರೆ, ಚಕ್ರಗಳು ಪಕ್ಕಕ್ಕೆ ನೋಡುತ್ತಿರುವಾಗಲೇ ‘ಇದು ನೇರ’ ಎಂದು ಕಲಿಸಿದ ಹಾಗಾಯಿತು.

ಕಾರು ತಿರುಗುವ ವೇಗವನ್ನು ಅಳೆಯುವ ಯಾ (yaw) ಸೆನ್ಸರು ಮತ್ತು ತಳ್ಳುವಿಕೆಯನ್ನು ಅಳೆಯುವ ಜಿ ಸೆನ್ಸರು ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿರುತ್ತವೆ. ಟೊಯೊಟಾ ಕಾರುಗಳಲ್ಲಿ ಸಿ1210 ಬಂದರೆ ಯಾ ಸೆನ್ಸರಿನ ಸೊನ್ನೆ ಕಲಿಸಿಲ್ಲ ಎಂದು ಅರ್ಥ. ಸಿ1336 ಜಿ ಸೆನ್ಸರಿನದು. ಇವುಗಳ ಸೊನ್ನೆ ಕಲಿಸುವಾಗ ಕಾರು ಅಲುಗಾಡಬಾರದು. ಬಾಗಿಲು ಹಾಕುವುದು, ಒಳಗೆ ಹತ್ತಿ ಇಳಿಯುವುದು ಯಾವುದೂ ಬೇಡ.

ನೆಲ ಮಟ್ಟಸವಾಗಿರಬೇಕು ಎಂದು ಕೈಪಿಡಿಗಳು ಹೇಳುತ್ತವೆ, ನಾವು ಓದಿ ಮುಂದೆ ಹೋಗುತ್ತೇವೆ. ಅದು ಎಷ್ಟು ಮುಖ್ಯ ಎಂದು ಅಂಕಿಯಲ್ಲಿ ನೋಡಿ. ನೆಲ 3 ಡಿಗ್ರಿ ವಾಲಿದ್ದರೆ ಜಿ ಸೆನ್ಸರಿಗೆ ಗುರುತ್ವದ ಸುಮಾರು ನೂರಕ್ಕೆ 5 ಭಾಗ ಕಾಣುತ್ತದೆ. ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 0.5 ಮೀಟರಿನಷ್ಟು ಬದಲಾದ ಹಾಗೆ. ಅದನ್ನೇ ಸೊನ್ನೆ ಎಂದು ಕಲಿಸಿದರೆ, ಸಮ ರಸ್ತೆಯಲ್ಲಿ ನಿಂತ ಕಾರಿಗೂ ತಾನು ಇಳಿಜಾರಿನಲ್ಲಿದ್ದೇನೆ ಅನ್ನಿಸುತ್ತದೆ. ನೀರು ಹರಿದು ಹೋಗಲೆಂದು ಗ್ಯಾರೇಜಿನ ನೆಲಕ್ಕೆ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಅದು ತಿಳಿಯುವುದಿಲ್ಲ. ಗಾರೆಯವರು ಬಳಸುವ ರಸಮಟ್ಟ ಒಂದನ್ನು ಇಟ್ಟುಕೊಳ್ಳಿ. ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ನಾಲ್ಕೂ ಟೈರಿನ ಗಾಳಿ ಸರಿಯಿರಲಿ, ಡಿಕ್ಕಿಯ ಭಾರದ ಸಾಮಾನು ಇಳಿಸಿ.

ಚಕ್ರದ ವೇಗದ ಸೆನ್ಸರಿಗೆ ಕ್ಯಾಲಿಬ್ರೇಷನ್ ಇಲ್ಲ ಎಂದು ಆಗಲೇ ಹೇಳಿದೆ. ಆದರೆ ಅದು ಕೆಟ್ಟಿದ್ದರೆ ಉಳಿದವು ಕಲಿಯಲು ಒಪ್ಪುವುದಿಲ್ಲ. ಹೊಸ ಬೇರಿಂಗ್ ಹಾಕಿದ ಮೇಲೆ ಒಂದು ಚಕ್ರದ ವೇಗ ಸೊನ್ನೆಯಲ್ಲೇ ನಿಂತರೆ, ಬೇರಿಂಗ್ ತಿರುಗಾಮುರುಗಾ ಕೂತಿದೆಯೇ ನೋಡಿ. ಈಗಿನ ಬಹಳಷ್ಟು ಬೇರಿಂಗುಗಳ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದು ಸೆನ್ಸರಿನ ಕಡೆಗೇ ಇರಬೇಕು. ಕಣ್ಣಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ. ಒಂದು ಚಿಕ್ಕ ಪೇಪರ್ ಕ್ಲಿಪ್ ತಾಗಿಸಿ ನೋಡಿದರೆ ಅಯಸ್ಕಾಂತದ ಬದಿ ಅಂಟಿ ಎಳೆಯುತ್ತದೆ. ಎರಡು ತಂತಿಯ ಆಕ್ಟಿವ್ ಸೆನ್ಸರುಗಳನ್ನು ಓಮ್ ಮೀಟರಿನಿಂದ ಅಳೆಯಬೇಡಿ. ಅವು 7 ಮತ್ತು 14 ಮಿಲಿ ಆಂಪಿಯರ್ ನಡುವೆ ಕರೆಂಟು ಬದಲಿಸುತ್ತಾ ಮಾತಾಡುತ್ತವೆ. ಓಮ್ ನೋಡಿದರೆ ಏನೂ ತಿಳಿಯದು.

ಬ್ರೇಕ್ ಆಯಿಲ್ ಕಡೆಯ ಕೆಲಸ

ಎಬಿಎಸ್ ಘಟಕ ಬದಲಾಯಿಸಿದಾಗ ಅದರೊಳಗಿನ ಸಣ್ಣ ದಾರಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪೆಡಲ್ ತುಳಿದು ನಿಪ್ಪಲ್ ಬಿಚ್ಚುವ ಹಳೆಯ ರೀತಿಯಲ್ಲಿ ಅದು ಹೊರಬರುವುದಿಲ್ಲ, ಏಕೆಂದರೆ ಒಳಗಿನ ಕೆಲವು ವಾಲ್ವು ಮುಚ್ಚಿಯೇ ಇರುತ್ತವೆ. ಸ್ಕ್ಯಾನರಿನಿಂದ ವಾಲ್ವುಗಳನ್ನು ತೆರೆಸಿ ಪಂಪ್ ಓಡಿಸಿ ಏರ್ ತೆಗೆಯಬೇಕು. ಪೆಡಲ್ ಸ್ಪಂಜಿನಂತೆ ಇರುವಾಗ ಪ್ರೆಷರ್ ಸೆನ್ಸರಿನ ಕ್ಯಾಲಿಬ್ರೇಷನ್ ಕೊಡಬೇಡಿ.

ಹೈಬ್ರಿಡ್ ಕಾರುಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಬ್ರೇಕ್ ಪಂಪು ಮೊದಲೇ ಪ್ರೆಷರ್ ತುಂಬಿಟ್ಟುಕೊಂಡಿರುತ್ತದೆ. ಬಾಗಿಲು ತೆಗೆದರೆ ಸಾಕು, ಪಂಪು ತಾನಾಗಿ ಎದ್ದು ಓಡುವ ಕಾರುಗಳಿವೆ. ಕ್ಯಾಲಿಪರ್ ಬಿಚ್ಚಿರುವಾಗ ಹಾಗಾದರೆ ಪಿಸ್ಟನ್ ಹೊರಗೆ ಬರುತ್ತದೆ, ಬೆರಳು ಅಲ್ಲಿದ್ದರೆ ಹೋಯಿತು. ಆ ಕಾರಿನ ಕೈಪಿಡಿ ಹೇಳಿದಂತೆ ಸಿಸ್ಟಮ್ಮನ್ನು ಮಲಗಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಟೊಯೊಟಾ ಹೈಬ್ರಿಡ್‌ನಲ್ಲಿ ಸಿ1345 ಬಂದರೆ ಬ್ರೇಕ್ ಪ್ರೆಷರ್ ಹೊಂದಿಸುವ ಲೀನಿಯರ್ ವಾಲ್ವಿನ ಕಲಿಕೆ ಆಗಿಲ್ಲ ಎಂದರ್ಥ. ಆ ಕಲಿಕೆ ನಡೆಯುವಾಗ ಬ್ರೇಕ್ ಪೆಡಲ್ಲಿಗೆ ಕಾಲು ತಾಗಬಾರದು. ಗೇರು ಪಾರ್ಕಿನಲ್ಲಿರಲಿ, ಪಾದ ನೆಲದ ಮೇಲಿರಲಿ.

ಮುಗಿದಿದೆ ಎನ್ನುವ ಮೊದಲು

ಪಿನ್ನು ಬದಲಾಯಿಸಿದ ಮೇಲೆ ಎಡ ಮೋಟಾರಿನ ವೋಲ್ಟೇಜ್ ಡ್ರಾಪ್ ಮತ್ತೆ ಅಳೆದೆ. 0.1 ವೋಲ್ಟ್. ಆಮೇಲೆಯೇ ಸ್ಕ್ಯಾನರ್ ಕೈಗೆ ತೆಗೆದುಕೊಂಡದ್ದು. ಪೆಡಲ್ ತುಳಿದು ಗಟ್ಟಿ ಮಾಡಿ, ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು ಕ್ಯಾಲಿಬ್ರೇಷನ್ ಶುರು ಮಾಡಿದೆ. ಬಲಗಡೆ ಟಕ್. ಒಂದು ಗಳಿಗೆ ಬಿಟ್ಟು ಎಡಗಡೆಯೂ ಟಕ್. ಪರದೆಯ ಮೇಲೆ ಓಕೆ ಬಂತು.

ಅಲ್ಲಿಗೆ ಬಿಡಲಿಲ್ಲ. ಹಿಂದಿನ ಎರಡೂ ಚಕ್ರ ಎತ್ತಿ, ಹ್ಯಾಂಡ್ ಬ್ರೇಕನ್ನು ಐದು ಸಲ ಹಾಕಿ ಬಿಟ್ಟೆ. ಬಿಟ್ಟಾಗ ಪ್ರತಿ ಸಲವೂ ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಪ್ಯಾಡ್ ಉಜ್ಜುವ ಸದ್ದು ಬರಬಾರದು. ಹಾಕಿದಾಗ ಎರಡೂ ಕೈ ಹಾಕಿ ಎಳೆದರೂ ಅಲುಗಬಾರದು. ಎರಡೂ ಕಡೆಯ ಕರೆಂಟಿನ ಅಂಕಿ ಈಗ ಹತ್ತಿರ ಹತ್ತಿರ ಇತ್ತು. ಕೋಡುಗಳನ್ನು ಅಳಿಸಿದ್ದು ಇದಾದ ಮೇಲೆ. ಬಳಿಕ ಕಾರನ್ನು ರಸ್ತೆಗೆ ತೆಗೆದುಕೊಂಡು ಹೋದೆ. ಕೆಲವು ಮಾಡ್ಯೂಲುಗಳು ಚಕ್ರ ಒಂದು ವೇಗಕ್ಕೆ ಬಂದ ಮೇಲೆಯೇ ತಮ್ಮ ಪರೀಕ್ಷೆ ಮುಗಿಸಿ ಲೈಟು ಆರಿಸುತ್ತವೆ, ನಿಂತಲ್ಲೇ ಆರಲಿಲ್ಲ ಎಂದು ಗಾಬರಿ ಬೇಡ. ವಾಪಸು ಬಂದು ಇನ್ನೊಮ್ಮೆ ಎಲ್ಲ ಮಾಡ್ಯೂಲು ಓದಿದೆ. ಮೊದಲು ಬರೆದಿಟ್ಟ ಕಾಗದ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಕೋಡಿಗೆ ಗೆರೆ ಎಳೆದೆ. ಕೊನೆಗೆ ಬಲಗಡೆಯ ಮಡ್‌ಗಾರ್ಡ್ ಒಳಗಿನ ಕನೆಕ್ಟರನ್ನೂ ಬಿಚ್ಚಿ ನೋಡಿದೆ. ಅದರ ಸೀಲು ಜಾಗದಲ್ಲೇ ಇತ್ತು, ಪಿನ್ನು ಹೊಳೆಯುತ್ತಿತ್ತು.